ಬಿಸಿಲಲ್ಲಿ ಸೈಕಲ್ ಹತ್ತುವ ಮುನ್ನ ಬಟ್ಟೆ ಮುಟ್ಟಿ ನೋಡು

ತಮ್ಮಾ, ಏಪ್ರಿಲ್‌ನಲ್ಲಿ ಹಳಿಯಾಳದಿಂದ ದಾಂಡೇಲಿಗೆ, ಅಲ್ಲಿಂದ ಜೋಯಿಡಾಕ್ಕೆ ಸೈಕಲ್ ಮೇಲೆ ಹೊರಟಿದ್ದೀ ಎಂದು ಕೇಳಿ ಖುಷಿಯಾಯಿತು. ಟಯರು, ಬ್ರೇಕು ಎಲ್ಲ ನೋಡಿಸಿಕೊಂಡಿದ್ದೀಯಂತೆ. ಮೈಮೇಲೆ ಏನು ಹಾಕಿಕೊಳ್ಳಬೇಕು ಅನ್ನುವುದನ್ನೂ ಅಷ್ಟೇ ಜತನದಿಂದ ನೋಡು.

ನಮ್ಮ ಈ ಭಾಗದ ಸೆಕೆ ಎಲ್ಲ ಕಡೆ ಒಂದೇ ತೆರನಲ್ಲ. ಹಳಿಯಾಳ, ಮುಂಡಗೋಡ ಬಯಲುಸೀಮೆಗೆ ಅಂಟಿಕೊಂಡ ಅರೆಮಲೆನಾಡು. ಅಲ್ಲಿಯ ಬಿಸಿಲು ಒಣ ಬಿಸಿಲು. ಅಂಥ ಕಡೆ ತೆಳ್ಳನೆಯ, ಸಡಿಲವಾದ ಹತ್ತಿ ಅಂಗಿಯೇ ಸರಿ. ಅದು ಬೆವರು ಹೀರುತ್ತದೆ, ಗಾಳಿಗೆ ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಗಣೇಶಗುಡಿ ದಾಟಿದ ಮೇಲೆ ಲೆಕ್ಕ ಬೇರೆ. ಸೂಪಾ ಹಿನ್ನೀರು, ಎರಡೂ ಕಡೆ ಕಾಡು; ಮಳೆಗಾಲ ಹತ್ತಿರ ಬಂದಂತೆ ಎಲೆಯೂ ಅಲ್ಲಾಡದ ಧಗೆ. ಅಲ್ಲಿ ಬೆವರು ಬೇಗ ಆರುವುದಿಲ್ಲ. ಹತ್ತಿ ಕುಡಿದ ನೀರು ಹಾಗೇ ಉಳಿದು ಅಂಗಿ ಭಾರವಾಗುತ್ತದೆ, ಬೆನ್ನಿಗೆ ಅಂಟುತ್ತದೆ, ಕಂಕುಳು ಉಜ್ಜಿ ಉರಿಯುತ್ತದೆ. ಆ ದಾರಿಗೆ ಆಟಗಾರರು ತೊಡುವ, ಸಣ್ಣ ಸಣ್ಣ ತೂತುಗಳ ಪಾಲಿಯೆಸ್ಟರ್ ಟೀಶರ್ಟೇ ಮೇಲು. ಪಾಲಿಯೆಸ್ಟರ್ ಎಳೆ ನೀರು ಕುಡಿಯುವುದೇ ಇಲ್ಲ ಅನ್ನಬಹುದು. ಬೆವರು ಬಟ್ಟೆಯ ಮೇಲೆ ಹರಡಿ ಹತ್ತಿಗಿಂತ ಬೇಗ ಹಾರಿಹೋಗುತ್ತದೆ. ನಾತ ಮಾತ್ರ ಹಿಡಿದುಕೊಳ್ಳುತ್ತದೆ, ದಿನಾ ಒಗೆಯಬೇಕು.

ಪಾಲಿಯೆಸ್ಟರ್ ಎಂದ ಕೂಡಲೇ ಒತ್ತಾಗಿ ನೇಯ್ದ ಶರ್ಟಿನ ಬಟ್ಟೆ ತರಬೇಡ. ಅದರಲ್ಲಿ ಗಾಳಿಯೇ ಆಡುವುದಿಲ್ಲ. ನಮ್ಮ ಮಕ್ಕಳು ಏಪ್ರಿಲ್ ಬಿಸಿಲಲ್ಲಿ ಅಂಥ ಸಮವಸ್ತ್ರ ತೊಟ್ಟು ಸೈಕಲ್ ತುಳಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2006–07ರಿಂದ ಎಂಟನೇ ತರಗತಿಗೆ ಸರ್ಕಾರದ ಸೈಕಲ್ ಬಂದು ಎಷ್ಟೋ ಹಳ್ಳಿ ಹುಡುಗಿಯರ ಓದು ಮುಂದುವರಿಯಿತು. ಮೈಗೆ ಹಿತವಾದ ಬಟ್ಟೆಯ ಬಗ್ಗೆಯೂ ಯಾರಾದರೂ ಯೋಚಿಸಬೇಕಿತ್ತು.

ಅಂಗಡಿಯವನು ‘ಪ್ಯೂರ್ ಕಾಟನ್’ ಅಂದರೆ ಒಳಹೊಲಿಗೆಯಿಂದ ಒಂದೆರಡು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತಿದ್ದರೆ ಎಳೆ ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಗುಳ್ಳೆ ಉಳಿಯುತ್ತದೆ. ಆರುವ ತನಕ ಅದನ್ನು ಮುಟ್ಟಬೇಡ. ಬಟ್ಟೆಯನ್ನು ಬೆಳಕಿಗೆ ಹಿಡಿದೂ ನೋಡು. ಎಳೆಗಳ ನಡುವೆ ಬೆಳಕು ಕಂಡರೆ ಗಾಳಿಯೂ ಆಡುತ್ತದೆ.

ಹುಬ್ಬಳ್ಳಿಗೆ ಹೋದಾಗ ಖಾದಿ ಭಂಡಾರಕ್ಕೂ ಹೊಕ್ಕು ಬಾ. ಅಲ್ಲಿಯ ಬೆಂಗೇರಿಯಲ್ಲೇ, 1957ರಲ್ಲಿ ಶುರುವಾದ ಖಾದಿ ಸಂಘ ರಾಷ್ಟ್ರಧ್ವಜ ಹೊಲಿಯುತ್ತದೆ. ಧ್ವಜಕ್ಕೆ ದಪ್ಪ ಖಾದಿ ಬೇಕು, ನಿನಗೆ ಬೇಕಾದದ್ದು ಶರ್ಟಿನ ತೆಳು ಖಾದಿ, ಕೇಳಿ ತೆಗೆದುಕೋ. ಅದಕ್ಕೆ ಗಂಜಿ ಹಾಕಿಸಬೇಡ, ಎಳೆಗಳ ಸಂದು ಮುಚ್ಚಿಹೋಗುತ್ತದೆ.

ದುಡ್ಡು ಖರ್ಚು ಮಾಡುವುದಿದ್ದರೆ ಸೊಂಟದ ಕೆಳಗಿನದಕ್ಕೆ ಮಾಡು. ಜೀನ್ಸ್ ಬೇಡವೇ ಬೇಡ. ನಾಲ್ಕು ಮಡಿಕೆ ಸೇರುವ ಅದರ ದಪ್ಪ ಹೊಲಿಗೆ ಸರಿಯಾಗಿ ಸೀಟಿನ ಮೇಲೇ ಕೂರುತ್ತದೆ. ಬೆವರೂ ಸೇರಿದರೆ ತೊಡೆಸಂದು ಕಿತ್ತುಬರುತ್ತದೆ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಒಂದಿರಲಿ. ಅದರೊಳಗೆ ಮತ್ತೊಂದು ಒಳಚಡ್ಡಿ ಹಾಕಬಾರದು, ಉಜ್ಜುವ ಹೊಲಿಗೆ ಮತ್ತೆ ಬಂದಂತಾಗುತ್ತದೆ. ಹಾಗೇ ಹಾಕಲು ಮುಜುಗರವಾದರೆ ಮೇಲೊಂದು ಸಡಿಲ ಬರ್ಮುಡಾ ತೊಡು.

ತೋಳು ಮಾತ್ರ ಪೂರ್ತಿ ಇರಲಿ. ಬಿಸಿಲಿಗಷ್ಟೇ ಅಲ್ಲ, ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಲವೂ ಇದೇ. ದಣಿವಾರಿಸಲು ಕಾಡಂಚಿನ ತರಗೆಲೆ ಮೇಲೆ ಕೂರಬೇಡ. ತಿಳಿ ಬಣ್ಣದ ಬಟ್ಟೆಯಾದರೆ ಉಣುಗು ಹತ್ತಿದ್ದು ಕಣ್ಣಿಗೆ ಬೀಳುತ್ತದೆ, ಬಿಸಿಲೂ ಕಡಿಮೆ ಹೀರುತ್ತದೆ.

ಚೀಲದಲ್ಲಿ ಆ ಟೀಶರ್ಟು, ಒಂದು ತೆಳು ಪಂಚೆ ಇಟ್ಟುಕೋ. ದಾಂಡೇಲಿಯಲ್ಲಿ ಚಹಾಕ್ಕೆ ನಿಂತಾಗ ಮೈ ಒರೆಸಿಕೊಂಡು ಅಂಗಿ ಬದಲಿಸು; ಒದ್ದೆ ಅಂಗಿಯನ್ನು ಕ್ಯಾರಿಯರ್‌ಗೆ ಬಿಗಿಯಾಗಿ ಕಟ್ಟು, ತೋಳು ಚಕ್ರಕ್ಕೆ ಸಿಗದ ಹಾಗೆ.