ಮೀನಿನ ತೊಟ್ಟಿಗೆ ಕ್ಯಾನಿಸ್ಟರ್ ಫಿಲ್ಟರ್: ಎಂಟನೆಯ ತರಗತಿಯಲ್ಲಿ ಮೂರು ಅವಧಿಗಳ ಪಾಠ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಪಾಠ ಒಂದು ಕಡೆ, ಬಲ ಮತ್ತು ಒತ್ತಡದ ಪಾಠ ಇನ್ನೊಂದು ಕಡೆ ಬರುತ್ತದೆ. ಸಾರಜನಕ ಚಕ್ರವನ್ನು ಬಾಣಗಳ ಚಿತ್ರದಿಂದ, ದ್ರವದ ಒತ್ತಡವನ್ನು ತೂತು ಮಾಡಿದ ಬಾಟಲಿಯಿಂದ ಕಲಿಸಿ ಮುಗಿಸುವುದು ನಮ್ಮ ರೂಢಿ. ಇವೆರಡನ್ನೂ ಒಂದೇ ಉಪಕರಣದಲ್ಲಿ ತೋರಿಸಬಹುದೇ ಎಂದು ನೋಡಲು, ಬೋಧನಾಭ್ಯಾಸದ ಅವಧಿಯಲ್ಲಿ ಮಾಕುಟ್ಟ ಕಡೆಯ ಒಂದು ಶಾಲೆಯಲ್ಲಿ ಗಿಡಗಳಿರುವ ಮೀನಿನ ತೊಟ್ಟಿಗೆ ಕ್ಯಾನಿಸ್ಟರ್ ಫಿಲ್ಟರ್ ಜೋಡಿಸುವ ಪಾಠವನ್ನು ತೆಗೆದುಕೊಂಡೆ.

ತೊಟ್ಟಿ ಶಾಲೆಯಲ್ಲೇ ಇತ್ತು. ಅದರೊಳಗೆ ಸೀಮೆಸುಣ್ಣದ ಡಬ್ಬಿಗಳಿದ್ದವು. ಕಾರಣ ಕೇಳಿದಾಗ ಮಕ್ಕಳು ಹೇಳಿದ್ದು: "ಪ್ರತಿ ಶನಿವಾರ ನೀರೆಲ್ಲ ತೆಗೆದು, ಕಲ್ಲು ಉಜ್ಜಿ ತೊಳೆಯುತ್ತಿದ್ದೆವು ಸರ್, ಆದರೂ ಮೀನು ಸತ್ತವು." ಈ "ಆದರೂ" ಎಂಬ ಪದವೇ ನನ್ನ ಪಾಠದ ನಿಜವಾದ ವಿಷಯವಾಯಿತು. ಮಕ್ಕಳ ಲೆಕ್ಕದಲ್ಲಿ ಫಿಲ್ಟರ್ ಎಂದರೆ ಚಹಾ ಸೋಸುವ ಜರಡಿ, ಕೊಳೆ ಎಂದರೆ ಕಣ್ಣಿಗೆ ಕಾಣುವ ಕಸ. ಮೀನನ್ನು ಕೊಲ್ಲುವ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ, ಯಾವ ಜರಡಿಗೂ ಸಿಗುವುದಿಲ್ಲ.

ಪೂರ್ವಜ್ಞಾನ ಮಾತ್ರ ನಾನು ಯೋಜನೆಯಲ್ಲಿ ಬರೆದುಕೊಂಡಿದ್ದಕ್ಕಿಂತ ಹೆಚ್ಚೇ ಇತ್ತು. ಪೆರುಂಬಾಡಿ ದಾಟಿ ಘಟ್ಟ ಇಳಿಯುವ ಈ ಭಾಗದಲ್ಲಿ ಗುಡ್ಡದ ಮೇಲಿನ ಒರತೆಯಿಂದ ಕರಿ ಪೈಪು ಎಳೆದು ಮನೆಗೆ ನೀರು ತರುವುದು ಮಕ್ಕಳಿಗೆ ಹೊಸದಲ್ಲ. ಪೈಪು ನಡುವೆ ಎಲ್ಲೋ ಏರಿ ಇಳಿದರೆ ಅಲ್ಲಿ ಗಾಳಿ ನಿಂತು ನೀರು ಕಟ್ಟುತ್ತದೆ, ಪೈಪು ಅಲುಗಾಡಿಸಿದರೆ ಬುಗ್ಗೆಂದು ಬರುತ್ತದೆ ಎಂದು ತರಗತಿಯ ಅರ್ಧ ಜನ ಒಟ್ಟಿಗೇ ಹೇಳಿದರು. ಸೈಫನ್ ಎಂಬ ಹೆಸರನ್ನು ಹೇಳಿಕೊಡುವುದಷ್ಟೇ ನನ್ನ ಪಾಲಿಗೆ ಉಳಿದದ್ದು.

ಮೊದಲ ಅವಧಿ: ಮೋಟರು ನೀರು ಎತ್ತುತ್ತದೆಯೇ?

ಕ್ಯಾನಿಸ್ಟರ್ ಎಂದರೆ ತೊಟ್ಟಿಯ ಕೆಳಗೆ, ನೆಲದ ಮೇಲೆ ಇಡುವ ಮುಚ್ಚಿದ ಡಬ್ಬ. ಒಂದು ಪೈಪು ತೊಟ್ಟಿಯ ನೀರನ್ನು ಅದಕ್ಕೆ ಇಳಿಸುತ್ತದೆ. ಡಬ್ಬದ ತಲೆಯಲ್ಲಿರುವ ಸಣ್ಣ ಮೋಟರು ಇನ್ನೊಂದು ಪೈಪಿನಿಂದ ಅದನ್ನು ಮತ್ತೆ ತೊಟ್ಟಿಗೆ ಕಳುಹಿಸುತ್ತದೆ. "ಅಷ್ಟು ಸಣ್ಣ ಮೋಟರು ಒಂದು ಮೀಟರ್ ಎತ್ತರಕ್ಕೆ ನೀರು ಎತ್ತುತ್ತದಾ?" ಎಂಬ ಪ್ರಶ್ನೆ ತಾನಾಗಿಯೇ ಬಂತು.

ಉತ್ತರ ಹೇಳದೆ ಎರಡು ಬಕೆಟ್ ಮತ್ತು ಒಂದು ಪಾರದರ್ಶಕ ಪೈಪು ಕೊಟ್ಟೆ. ನೀರು ತುಂಬಿದ ಪೈಪಿನ ಎರಡೂ ತುದಿಗಳು ಸಮಮಟ್ಟದ ನೀರಿನಲ್ಲಿದ್ದಾಗ, ಪೈಪಿನ ನಡುಭಾಗ ನೆಲ ಮುಟ್ಟಿದರೂ ನೀರು ಅಲುಗುವುದಿಲ್ಲ. ಒಂದು ಬಕೆಟ್ಟಿನ ಕೆಳಗೆ ಪುಸ್ತಕ ಇಟ್ಟ ಕೂಡಲೇ ಹರಿಯುತ್ತದೆ. ಬಾವಿಯ ರಾಟೆಯ ಎರಡೂ ತುದಿಗೆ ಸಮತೂಕದ ಕೊಡ ಕಟ್ಟಿದ ಹಾಗೆ, ಇಳಿಯುವ ನೀರು ಏರುವ ನೀರನ್ನು ಸರಿದೂಗಿಸುತ್ತದೆ. ಪೈಪಿನ, ಸ್ಪಂಜಿನ ಘರ್ಷಣೆಯನ್ನು ಮೀರುವುದಷ್ಟೇ ಮೋಟರಿನ ಕೆಲಸ. ಆದರೆ ಡಬ್ಬ ತಾನಾಗಿ ಗಾಳಿಯನ್ನು ಹೊರಹಾಕಿ ನೀರು ಎಳೆದುಕೊಳ್ಳಲಾರದು. ಅದಕ್ಕೇ ಅದು ನೀರಿನ ಮಟ್ಟಕ್ಕಿಂತ ಕೆಳಗೇ ಇರಬೇಕು, ಮೊದಲು ಸೈಫನ್‌ನಿಂದ ತುಂಬಬೇಕು, ಆಮೇಲೆ ಸ್ವಿಚ್ಚು. ತುಂಬಿದ ಮೇಲೂ ಗರಗರ ಶಬ್ದ ಬಂದರೆ ಗಾಳಿ ಉಳಿದಿದೆ ಎಂದರ್ಥ. ಡಬ್ಬವನ್ನು ಆ ಕಡೆ ಈ ಕಡೆ ವಾಲಿಸಿದರೆ ಹೋಗುತ್ತದೆ. ಒರತೆಯ ಪೈಪು ಅಲುಗಾಡಿಸಿ ಅಭ್ಯಾಸವಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ.

10 ಮೀಟರ್ ನೀರಿನ ಕಂಬ ಸುಮಾರು ಒಂದು ವಾತಾವರಣದ ಒತ್ತಡಕ್ಕೆ ಸಮ. ನಮ್ಮ ಡಬ್ಬ ಒಂದು ಮೀಟರ್ ಕೆಳಗಿದೆ; ಎಂದರೆ ಅದರ ಮುಚ್ಚಳದ ವಾಷರ್ ಮೇಲೆ ವಾತಾವರಣದ ಹತ್ತನೇ ಒಂದು ಭಾಗದಷ್ಟು ಹೆಚ್ಚುವರಿ ಒತ್ತಡ ಹಗಲೂ ರಾತ್ರಿ ಇರುತ್ತದೆ. ವಾಷರಿನ ಕೆಳಗೆ ಒಂದು ಮರಳಿನ ಕಣ ಸಿಕ್ಕಿದರೂ ಸೋರುವುದು ಇದರಿಂದಲೇ.

ಎರಡನೇ ಅವಧಿ: ಪೈಪು, ತೂತು, ಲೆಕ್ಕ

ಈ ಅವಧಿ ಗಣಿತದ ತರಗತಿಯಂತೆಯೇ ನಡೆಯಿತು. ತೊಟ್ಟಿಯ ಅಡಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ನೀರು 32 ಸೆಂ.ಮೀ. ಎತ್ತರ. ಒಟ್ಟು 57.6 ಲೀಟರ್; ಜಲ್ಲಿ, ಕಲ್ಲು ಕಳೆದರೆ ಸುಮಾರು 50 ಲೀಟರ್ ನೀರು.

"ಪೈಪು ಕಳಚಿದರೆ ತೊಟ್ಟಿ ಪೂರ್ತಿ ಖಾಲಿಯಾಗುತ್ತದಾ?" ಎಂದು ಒಬ್ಬಳು ಕೇಳಿದಳು. ಇಡೀ ಪಾಠದಲ್ಲಿ ಬಂದ ಒಳ್ಳೆಯ ಪ್ರಶ್ನೆ ಇದು. ನೀರೆಳೆಯುವ ಪೈಪಿನ ಜರಡಿ ಅಡಿಯಿಂದ 10 ಸೆಂ.ಮೀ. ಮೇಲಿದೆ. ನೀರು ಅಲ್ಲಿಯವರೆಗೆ ಇಳಿದ ಮೇಲೆ ಗಾಳಿ ಹೊಕ್ಕು ಸೈಫನ್ ಕಡಿಯುತ್ತದೆ. ಅಂದರೆ 22 ಸೆಂ.ಮೀ. ನೀರು, 39.6 ಲೀಟರ್, ಪ್ರಯೋಗಾಲಯದ ನೆಲದ ಮೇಲೆ. ಲೆಕ್ಕ ಮುಗಿದ ಮೇಲೆ ಮಕ್ಕಳೇ ಜರಡಿಯನ್ನು 16 ಸೆಂ.ಮೀ.ಗೆ ಏರಿಸಿದರು, ಈಗ ಏನಾದರೂ ಆದರೆ ಮೀನಿಗೆ ಅರ್ಧ ತೊಟ್ಟಿ ನೀರು ಉಳಿಯುತ್ತದೆ. ಪೈಪಿನ ಪ್ರತಿ ಕೂಡಿಕೆಗೂ ಕ್ಲಿಪ್ಪು ಹಾಕಿಸಿದೆ. ಮೋಟರಿನ ವೈರು ಪ್ಲಗ್ಗಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತೆ ಬಿಡಬೇಕು. ವೈರಿನ ಗುಂಟ ಇಳಿದ ನೀರು ಆಗ ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಪ್ಲಗ್ಗು ಮುಟ್ಟುವ ಕೆಲಸ ಮಾತ್ರ ಶಿಕ್ಷಕರದ್ದೇ.

ನೀರು ಬಿಡುವ ಕಡೆ ಒಂದೇ ಬಾಯಿ ಇದ್ದರೆ ಧಾರೆ ಒಂದು ಮೂಲೆಗೆ ಬಡಿದು ಗಿಡ ಕೀಳುತ್ತದೆ, ಇನ್ನೊಂದು ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಅದಕ್ಕೆ ತುದಿ ಮುಚ್ಚಿದ ಪಿವಿಸಿ ಪೈಪಿಗೆ ಸಾಲಾಗಿ ತೂತು ಕೊರೆದು ಹಿಂದಿನ ಗಾಜಿಗೆ ಅಡ್ಡಲಾಗಿ ಕೂರಿಸಿದೆವು. ತೂತು ಎಷ್ಟು? ಪೈಪಿನ ಒಳವ್ಯಾಸ 12 ಮಿ.ಮೀ., ತೂತಿನದು 3 ಮಿ.ಮೀ. ವಿಸ್ತೀರ್ಣಗಳ ಅನುಪಾತಕ್ಕೆ ಪೈ ಬೇಕಿಲ್ಲ: 144 ಭಾಗಿಸು 9, ಅಂದರೆ 16. ಹದಿನಾರು ತೂತು, 3 ಸೆಂ.ಮೀ.ಗೊಂದು. ಇದಕ್ಕಿಂತ ಕಡಿಮೆ ಇದ್ದರೆ ಧಾರೆ ಚುರುಕಾಗುತ್ತದೆ, ಮೋಟರಿಗೆ ತಡೆಯೂ ಹೆಚ್ಚು. ತೂತುಗಳು ನೀರಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಮೇಲ್ಮೈ ಮೆಲ್ಲಗೆ ಅಲುಗಿದರೆ ಮೀನಿಗೆ ಆಮ್ಲಜನಕ ಸಿಗುತ್ತದೆ. ಗಿಡಗಳಿಗೆಂದು ಕಾರ್ಬನ್ ಡೈಆಕ್ಸೈಡ್ ಬಿಡುವ ತೊಟ್ಟಿಗಳಲ್ಲಿ ಅತಿಯಾಗಿ ಕಲಕಿದರೆ ಅದು ಹಾರಿಹೋಗುತ್ತದೆ.

ಹರಿವನ್ನು ಅಳೆದದ್ದು 5 ಲೀಟರ್ ಬಕೆಟ್ ಮತ್ತು ಗಡಿಯಾರದಿಂದ. ಬಕೆಟ್ಟನ್ನು ನೆಲದ ಮೇಲಿಟ್ಟರೆ ಸೈಫನ್ನೂ ತಳ್ಳುತ್ತದೆ, ಅಂಕಿ ಸುಳ್ಳಾಗುತ್ತದೆ. ಪೈಪಿನ ಬಾಯಿ ತೊಟ್ಟಿಯ ನೀರಿನ ಮಟ್ಟದಲ್ಲೇ ಇರುವಂತೆ ಹಿಡಿಯಬೇಕು. ಇದು ಏಕೆ ಎಂದು ಹೇಳಬಲ್ಲ ಮಗುವಿಗೆ ಮೊದಲ ಅವಧಿ ಅರ್ಥವಾಗಿದೆ ಎಂದೇ ಲೆಕ್ಕ. ನನ್ನ ಮೌಲ್ಯಮಾಪನದ ಮುಖ್ಯ ಪ್ರಶ್ನೆ ಇದೇ ಆಗಿತ್ತು. ಬಕೆಟ್ ತುಂಬಲು 45 ಸೆಕೆಂಡು, ಅಂದರೆ ಗಂಟೆಗೆ 400 ಲೀಟರ್. ತೊಟ್ಟಿಯ ನೀರು ಗಂಟೆಗೆ ಎಂಟು ಸಲ ಸುತ್ತುತ್ತದೆ. ಗಿಡಗಳ ತೊಟ್ಟಿಗೆ ಐದರಿಂದ ಹತ್ತು ಸಲ ಎಂಬುದು ಸಾಕುವವರ ರೂಢಿ. ಡಬ್ಬದ ಮೇಲೆ ಅಚ್ಚಾಗಿದ್ದ ಅಂಕಿ 600. ಸ್ಪಂಜು, ಪೈಪು ಸೇರಿದ ಮೇಲೆ ಹರಿವು ಇಳಿಯುವುದು ಸಹಜ. ಪಾಠಯೋಜನೆಯಲ್ಲಿ ಡಬ್ಬದ ಅಂಕಿ ಬರೆಯದೆ ಅಳೆದದ್ದನ್ನೇ ಬರೆಯುವುದು ಒಳ್ಳೆಯದು.

ಮೂರನೇ ಅವಧಿ: ಜರಡಿಯಲ್ಲ, ಮನೆ

ಡಬ್ಬದ ಒಳಗೆ ಕೆಳಗಿನಿಂದ ಮೇಲಕ್ಕೆ ಒರಟು ಸ್ಪಂಜು, ನಯ ಸ್ಪಂಜು, ಸೆರಾಮಿಕ್ ಬಳೆಗಳು. ನೀರು ಅದೇ ಕ್ರಮದಲ್ಲಿ ಏರುತ್ತದೆ. ಸ್ಪಂಜು ಕಸ ಹಿಡಿಯುತ್ತದೆ, ಅದು ಜರಡಿಯ ಕೆಲಸವೇ. ಬಳೆಗಳು ಏನನ್ನೂ ಹಿಡಿಯುವುದಿಲ್ಲ. ಅವುಗಳ ಮೈಮೇಲಿನ ಸೂಕ್ಷ್ಮ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಇದನ್ನು ಬಾರಾಪೊಳೆಯ ಕಲ್ಲಿನಿಂದ ಶುರು ಮಾಡಿದೆ. ಹೊಳೆಯಲ್ಲಿ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ಯಾಕೆ? ಲೋಳೆ. ಆ ಲೋಳೆಯಲ್ಲಿ ಜೀವಿಗಳಿವೆ. ನೈಟ್ರೋಸೋಮೊನಾಸ್‌ನಂಥವು ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೋಸ್ಪೈರಾದಂಥವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ವಿಷ, ಮೂರನೆಯದು ಅಷ್ಟಿಲ್ಲ, ಗಿಡಕ್ಕೆ ಗೊಬ್ಬರ. ಗಿಡಗಳು ಅಮೋನಿಯಂ ರೂಪವನ್ನು ನೇರವಾಗಿಯೂ ಹೀರುತ್ತವೆ. ಆದ್ದರಿಂದ ಗಿಡ ದಟ್ಟವಾಗಿರುವ ತೊಟ್ಟಿಯಲ್ಲಿ ಬಳೆಗಳನ್ನು ಕಿಕ್ಕಿರಿದು ತುಂಬಬೇಕಿಲ್ಲ. ಹರಿವು ಎಲ್ಲ ಮೂಲೆಗೂ ಮುಟ್ಟುವುದು ಮುಖ್ಯ.

ಈಗ ಶನಿವಾರದ ತೊಳೆಯುವಿಕೆಗೆ ಮರಳಿದೆವು. ಎಲ್ಲ ನೀರು, ಎಲ್ಲ ಕಲ್ಲು ಒಂದೇ ದಿನ ಉಜ್ಜಿದರೆ ಏನು ಹೋಗುತ್ತದೆ? "ಲೋಳೆ" ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹಿಂದಿನ ಬೆಂಚಿನಿಂದ, "ಹಾಗಾದರೆ ನಾವು ತೊಳೆದದ್ದರಿಂದಲೇ ಸತ್ತದ್ದಾ ಸರ್?" ಸತ್ತ ಮೀನಿನ ನೀರನ್ನು ಯಾರೂ ಪರೀಕ್ಷಿಸಿರಲಿಲ್ಲ, ಹೌದು ಎಂದು ನಾನು ಹೇಳುವಂತಿರಲಿಲ್ಲ, ಹಾಗಾಗುವ ಸಾಧ್ಯತೆ ಹೆಚ್ಚು ಎಂದಷ್ಟೇ ಹೇಳಿದೆ. ಮಕ್ಕಳು ಶ್ರದ್ಧೆಯಿಂದ ಮಾಡಿದ ಕೆಲಸವನ್ನು ತಪ್ಪು ಎಂದು ತೋರಿಸುವಾಗ ಧ್ವನಿ ಇಳಿಸಿಯೇ ಮಾತಾಡಬೇಕು. ಸರಿಯಾದ ಕ್ರಮ ಇದು: ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡುವುದು, ಬಳೆಗಳನ್ನು ಹೆಚ್ಚು ಮುಟ್ಟದಿರುವುದು, ನೀರನ್ನು ಸ್ವಲ್ಪ ಸ್ವಲ್ಪವೇ ಬದಲಿಸುವುದು. ಪಟ್ಟಣದ ಶಾಲೆಗಳಲ್ಲಿ ಈ ಪಾಠ ಮಾಡುವವರು ನಲ್ಲಿಯ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ ಎಂಬುದನ್ನು ಸೇರಿಸಿಕೊಳ್ಳಿ.

ಹೊಸ ತೊಟ್ಟಿಯಲ್ಲಿ ಈ ಲೋಳೆ ಬಲಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಗಿಡ ಮಾತ್ರ, ಆಮೇಲೆ ನಾಲ್ಕೈದು ಮೀನು. ಹೊಳೆಯಿಂದಲೇ ಹಿಡಿದು ತರುತ್ತೇವೆ ಎಂದು ಹೊರಟವರನ್ನು ತಡೆಯಬೇಕಾಯಿತು. ಸುತ್ತಲಿನ ಬ್ರಹ್ಮಗಿರಿ ಕಾಡು 1974ರಿಂದ ವನ್ಯಧಾಮ. ಬಾರಾಪೊಳೆ ಹೋಗಿ ಸೇರುವ ವಳಪಟ್ಟಣಂ ನದಿಯಲ್ಲಿ 'ಮಿಸ್ ಕೇರಳ' ಎಂದು ಅಕ್ವೇರಿಯಂ ವ್ಯಾಪಾರದಲ್ಲಿ ಹೆಸರಾದ, ಕೆಂಪು ಕಪ್ಪು ಪಟ್ಟೆಯ ಮೀನಿದೆ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಮೊದಲು ವರ್ಣಿಸಿದ. ಗಾಜಿನ ತೊಟ್ಟಿಗಳಿಗಾಗಿ ಹಿಡಿದೂ ಹಿಡಿದೂ ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ನಮ್ಮ ತೊಟ್ಟಿಗೆ ಅಂಗಡಿಯ ಗಪ್ಪಿ ಸಾಕು ಎಂದು ತೀರ್ಮಾನವಾಯಿತು.

ಕೊನೆಗೆ ಕರೆಂಟಿನ ವಿಷಯ. ಮಳೆಗಾಲದಲ್ಲಿ ಈ ದಾರಿಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ಬೇಗ ಸರಿಯಾಗುವುದಿಲ್ಲ. ಮೋಟರು ನಿಂತರೆ ಮುಚ್ಚಿದ ಡಬ್ಬದೊಳಗಿನ ಬ್ಯಾಕ್ಟೀರಿಯಾ ಉಳಿದ ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿ ತಾವೂ ಸಾಯತೊಡಗುತ್ತವೆ. ಕರೆಂಟು ಬಂದ ಕೂಡಲೇ ಆ ಕೊಳೆತ ನೀರು ನೇರ ಮೀನಿನ ಮೇಲೆ. ಆದ್ದರಿಂದ ರಾತ್ರಿಯೆಲ್ಲ ಕರೆಂಟು ಇಲ್ಲದಿದ್ದರೆ ಬೆಳಿಗ್ಗೆ ಮೊದಲು ಪ್ಲಗ್ಗು ತೆಗೆಯಬೇಕು, ಎರಡೂ ವಾಲ್ವ್ ಮುಚ್ಚಬೇಕು, ಡಬ್ಬದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ತೊಟ್ಟಿಯ ನೀರಿನಲ್ಲಿ ಸ್ಪಂಜು, ಬಳೆ ಅದ್ದಿ ತೆಗೆದು, ಮತ್ತೆ ಸೈಫನ್‌ನಿಂದ ತುಂಬಬೇಕು. ಮುಚ್ಚಳ ತೆಗೆದಾಗ ಮಣ್ಣಿನ ವಾಸನೆ ಬಂದರೆ ಜೀವ ಇದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬಳೆಗಳನ್ನು ಹೊಸದಾಗಿ ಬಲಿಸಬೇಕು, ಅಲ್ಲಿಯವರೆಗೆ ಮೀನಿಗೆ ಆಹಾರ ತೀರಾ ಕಡಿಮೆ. ಈ ಕ್ರಮವನ್ನು ಮಕ್ಕಳೇ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಅಡುಗೆಯ ಅಕ್ಕ ಮಲಯಾಳ ಓದುವವರು.