ಗದ್ದೆಯ ಮೋಟುರೆಕ್ಕೆ ಜೀರುಂಡೆ: ಬೆಳೆಗೆ ಮಿತ್ರ, ಚರ್ಮಕ್ಕೆ ವಿಷ

ಬತ್ತದ ಗದ್ದೆಗಳಿರುವ ಗ್ರಾಮಗಳಲ್ಲಿ ರಾತ್ರಿಯ ವೇಳೆ ದೀಪಕ್ಕೆ ಬಂದು ಬೀಳುವ ಒಂದು ಸಣ್ಣ ಜೀರುಂಡೆಯ ವಿಷಯವನ್ನು ಜಮೀನುದಾರರೂ ಪಟೇಲರೂ ಅರಿತಿರುವುದು ಅವಶ್ಯಕ. ಮೈಮೇಲೆ ಗುಳ್ಳೆಗಳನ್ನೆಬ್ಬಿಸುವುದೆಂದು ಜನರು ಇದನ್ನು ದ್ವೇಷಿಸುವರು. ಆದರೆ ಬೆಳೆಯ ಶತ್ರುಗಳನ್ನು ತಿಂದು ರೈತನಿಗೆ ಉಪಕಾರ ಮಾಡುವುದೂ ಇದೇ ಕೀಟವು.

ಗುರುತು.— ಇದು ಪೀಡರಸ್ ಎಂಬ ಕುಲಕ್ಕೆ ಸೇರಿದುದು. ಈ ಕುಲಕ್ಕೆ 1775ನೆಯ ಇಸವಿಯಲ್ಲಿ ಫೆಬ್ರಿಷಿಯಸ್ ಎಂಬ ಪಂಡಿತರು ಹೆಸರಿಟ್ಟರು. ಲೋಕದಲ್ಲಿ ಇದರ 600ಕ್ಕೂ ಮಿಗಿಲಾದ ಪ್ರಭೇದಗಳುಂಟು. ಏಷ್ಯಾ ಖಂಡದ ಬತ್ತದ ಗದ್ದೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಪೀಡರಸ್ ಫಸ್ಕಿಪೆಸ್. ಉದ್ದವು ಅಂಗುಲದ ಮೂರರಲ್ಲೊಂದು ಪಾಲು. ತಲೆಯೂ ಬಾಲದ ತುದಿಯೂ ಕಪ್ಪು; ಎದೆಯೂ ಹೊಟ್ಟೆಯ ಬಹುಭಾಗವೂ ಕಿತ್ತಳೆಗೆಂಪು; ನಡುವೆ ನೀಲಿ ಹಸುರಾಗಿ ಹೊಳೆಯುವ ಗಿಡ್ಡ ಮೇಲ್ರೆಕ್ಕೆಗಳು. ದೂರದಿಂದ ಇರುವೆಯಂತೆ ತೋರುವುದು. ಬೆದರಿದರೆ ಬಾಲವನ್ನು ಮೇಲಕ್ಕೆತ್ತುವುದು.

ಉಪಯೋಗ.— ಇದು ತೇವವಾದ ಮಣ್ಣಿನಲ್ಲಿ ಮೊಟ್ಟೆಯಿಡುವುದು. ಮರಿಹುಳುವೂ ಬೆಳೆದ ಜೀರುಂಡೆಯೂ ಇತರ ಕೀಟಗಳನ್ನು ಬೇಟೆಯಾಡಿ ಜೀವಿಸುವುವು. ಜೀರುಂಡೆಯು ಪೈರನ್ನು ಹತ್ತಿ ಜಿಗಿಹುಳುಗಳನ್ನೂ, ಎಲೆ ಸುತ್ತುವ ಹುಳುವಿನ ಮರಿಗಳನ್ನೂ ಹುಡುಕಿ ತಿನ್ನುವುದು. ಪೈರಿಗೆ ಇದರಿಂದ ಯಾವ ಹಾನಿಯೂ ಇಲ್ಲ.

ವಿಷ.— ಇದು ಕಚ್ಚಿ ವಿಷವೇರಿಸುವುದಿಲ್ಲ, ಕುಟುಕುವುದೂ ಇಲ್ಲ. ಇದರ ದೇಹರಸದಲ್ಲಿ ಪೆಡೆರಿನ್ ಎಂಬ ವಿಷವುಂಟು. ಹೆಣ್ಣು ಜೀರುಂಡೆಯ ದೇಹದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಇದನ್ನು ತಯಾರಿಸುವುವು. ಮೈಮೇಲೆ ಕುಳಿತ ಜೀರುಂಡೆಯನ್ನು ಹೊಸಕಿದಾಗ ಮಾತ್ರ ರಸವು ಚರ್ಮಕ್ಕೆ ತಗಲುವುದು. ಒಂದೆರಡು ದಿನಗಳ ತರುವಾಯ ಉರಿಯೂ, ಗೆರೆಯಂತೆ ಕೆಂಪು ಗುಳ್ಳೆಗಳೂ ಏಳುವುವು. ವಿಷ ತಗಲಿದ ಬೆರಳಿನಿಂದ ಕಣ್ಣನ್ನು ಉಜ್ಜಿದರೆ ಕಣ್ಣು ಊದಿಕೊಳ್ಳುವುದು.

ಅನುಸರಿಸತಕ್ಕ ಕ್ರಮಗಳು.—

1. ಮೈಮೇಲೆ ಬಿದ್ದ ಜೀರುಂಡೆಯನ್ನು ಹೊಡೆಯಕೂಡದು. ಊದಿ ಹಾರಿಸಬೇಕು, ಇಲ್ಲವೆ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಡಬೇಕು.

2. ಅಕಸ್ಮಾತ್ತಾಗಿ ಹೊಸಕಿದ್ದರೆ ಕೂಡಲೇ ಆ ಭಾಗವನ್ನೂ ಕೈಗಳನ್ನೂ ಸಾಬೂನು ನೀರಿನಿಂದ ಚೆನ್ನಾಗಿ ತೊಳೆಯಬೇಕು.

3. ಮಲಗುವ ಸ್ಥಳದಲ್ಲಿ ಪ್ರಕಾಶವಾದ ದೀಪವನ್ನು ಉರಿಸಬಾರದು. ಸೊಳ್ಳೆಪರದೆಯನ್ನು ಕಟ್ಟಿಕೊಳ್ಳುವುದೂ, ಹಾಸಿಗೆಯನ್ನು ಕೊಡವಿ ಮಲಗುವುದೂ ಉತ್ತಮ.

4. ಗುಳ್ಳೆಗಳು ಹೆಚ್ಚಾದರೆ, ಅಥವಾ ಕಣ್ಣಿಗೆ ತಗಲಿದರೆ, ತಡಮಾಡದೆ ವೈದ್ಯರಿಗೆ ತೋರಿಸಬೇಕು.

5. ಈ ಕೀಟವನ್ನು ನಾಶಪಡಿಸುವುದಕ್ಕಾಗಿ ಗದ್ದೆಗೆ ಔಷಧಿ ಸಿಂಪಡಿಸಕೂಡದು. ಹಾಗೆ ಮಾಡಿದರೆ ಕಾವಲುಗಾರನು ಸತ್ತು ಜಿಗಿಹುಳುಗಳು ವೃದ್ಧಿಯಾಗುವುವು.

ಈ ಗುಳ್ಳೆಯು ಅಂಟುರೋಗವಲ್ಲವೆಂಬುದನ್ನು ಪಟೇಲರು ಗ್ರಾಮಸ್ಥರಿಗೆ ತಿಳಿಯಹೇಳಿ, ವೃಥಾ ಭೀತಿಯನ್ನು ಹೋಗಲಾಡಿಸಬೇಕು. ಜೀರುಂಡೆಯನ್ನು ಮನೆಯಿಂದ ದೂರವಿಡುವುದೂ ಗದ್ದೆಯಲ್ಲಿ ಉಳಿಸಿಕೊಳ್ಳುವುದೂ ರೈತನಿಗೆ ಕ್ಷೇಮಕರವು.