ಒಂದೇ ಮೊಬೈಲಿನ ಮನೆಗೆ ಒಂದು ಪಾಠ: ಗುಡವಿ ಭಾಗದ ಪೋಷಕರ ಸಭೆಗಾಗಿ

ಬೋಧನಾಭ್ಯಾಸದ ಅವಧಿಯಲ್ಲಿ ನಾವು ಬರೆಯುವ ಪಾಠಯೋಜನೆಗಳೆಲ್ಲ ಮಕ್ಕಳಿಗಾಗಿ. ಇದು ಪೋಷಕರಿಗಾಗಿ ಬರೆದದ್ದು. ಸೊರಬ ತಾಲೂಕಿನ ಗುಡವಿ ಭಾಗದ ಪ್ರೌಢಶಾಲೆಯೊಂದರಲ್ಲಿ ನಾನು ಎಂಟು ಮತ್ತು ಒಂಬತ್ತನೇ ತರಗತಿಗಳಿಗೆ ವಿಜ್ಞಾನ ಬೋಧಿಸುತ್ತಿದ್ದಾಗ ಮುಖ್ಯಶಿಕ್ಷಕರು ಪೋಷಕರ ಸಭೆಯಲ್ಲಿ ಒಂದು ಗಂಟೆ ಬಿಟ್ಟುಕೊಟ್ಟು, "ಮಕ್ಕಳು, ಮೊಬೈಲು, ಇನ್‌ಸ್ಟಾಗ್ರಾಂ ಬಗ್ಗೆ ನೀವೇ ಮಾತಾಡಿ" ಎಂದರು. ಆ ಒಂದು ಗಂಟೆಗೆ ಮಾಡಿಕೊಂಡ ಯೋಜನೆ, ಅದರ ಹಿಂದಿನ ವಿಚಾರ, ಸಭೆಯಲ್ಲಿ ಎದ್ದ ಪ್ರಶ್ನೆಗಳು ಇಲ್ಲಿವೆ. ಇಂತಹ ಸಭೆ ನಡೆಸಬೇಕಾಗಿ ಬರುವ ಪ್ರಶಿಕ್ಷಣಾರ್ಥಿಗಳು ಬೇಕಾದಂತೆ ಬದಲಿಸಿಕೊಳ್ಳಬಹುದು.

ಉದ್ದೇಶ ಒಂದೇ

ಈ ವಿಷಯಕ್ಕೆ ಸಾಮಾನ್ಯವಾಗಿ ಬರೆಯುವ ಉದ್ದೇಶಗಳು ನಮಗೆಲ್ಲ ಗೊತ್ತು: ಪೋಷಕರು ಅಪಾಯಗಳನ್ನು ಪಟ್ಟಿ ಮಾಡುವರು, ಮುನ್ನೆಚ್ಚರಿಕೆಗಳನ್ನು ವಿವರಿಸುವರು, ಸಹಾಯವಾಣಿ ಸಂಖ್ಯೆಗಳನ್ನು ಹೇಳುವರು. ನಾನು ಒಂದನ್ನೇ ಇಟ್ಟುಕೊಂಡೆ. ಮೊಬೈಲಿನಲ್ಲಿ ಏನಾದರೂ ಕೆಟ್ಟದ್ದು ನಡೆದಾಗ ಮಗು ಮೊದಲು ಮನೆಯಲ್ಲೇ ಹೇಳುವ ಹಾಗೆ ಪೋಷಕರು ನಡೆದುಕೊಳ್ಳುವರು. ಉಳಿದದ್ದೆಲ್ಲ ಇದಕ್ಕೆ ಪೂರಕ.

ಕಾರಣವನ್ನು ಮಕ್ಕಳೇ ಬರೆದುಕೊಟ್ಟಿದ್ದರು. ಸಭೆಗೆ ಒಂದು ವಾರ ಮೊದಲು ಒಂಬತ್ತನೇ ತರಗತಿಯಲ್ಲಿ ಹೆಸರಿಲ್ಲದ ಚೀಟಿ ಬರೆಸಿದೆ: "ಗುರುತಿಲ್ಲದವರು ಮೆಸೇಜ್ ಮಾಡಿ ಹೆದರಿಸಿದರೆ ಮನೆಯಲ್ಲಿ ಹೇಳುತ್ತೀರಾ? ಇಲ್ಲ ಎಂದಾದರೆ ಏಕೆ?" ಹೆಚ್ಚಿನ ಚೀಟಿಗಳಲ್ಲಿ ಇದ್ದದ್ದು "ಇಲ್ಲ, ಮೊಬೈಲ್ ಕಿತ್ತುಕೊಳ್ಳುತ್ತಾರೆ" ಎಂಬ ಉತ್ತರ. ಒಂದೆರಡು ಚೀಟಿಗಳಲ್ಲಿ "ಶಾಲೆ ಬಿಡಿಸುತ್ತಾರೆ" ಎಂದಿತ್ತು. ಬರೆದವರು ಹುಡುಗಿಯರೇ ಎಂದು ಊಹಿಸಲು ಕಷ್ಟವೇನಿಲ್ಲ.

ಬೆದರಿಸುವವನು ಬದುಕುವುದೇ ಈ ಭಯದ ಮೇಲೆ. ಅವನು ಹೇಳುವುದು ಒಂದೇ ಮಾತು: "ದುಡ್ಡು ಕಳಿಸು, ಇಲ್ಲವೇ ಇನ್ನೊಂದು ಫೋಟೋ ಕಳಿಸು, ಇಲ್ಲದಿದ್ದರೆ ನಿಮ್ಮ ಅಪ್ಪನಿಗೆ ಹೇಳುತ್ತೇನೆ." ಅಪ್ಪನಿಗೆ ಆಗಲೇ ಗೊತ್ತಿದ್ದು, ಅಪ್ಪ ಮಗಳ ಪಕ್ಕದಲ್ಲಿ ಕೂತಿದ್ದರೆ ಆ ಮಾತಿಗೆ ಬೆಲೆಯೇ ಇಲ್ಲ. ಅಪಾಯಗಳ ಪಟ್ಟಿ ಕೇಳಿ ಹೆದರಿದ ತಂದೆ ಮನೆಗೆ ಹೋಗಿ ಮೊದಲು ಮಾಡುವ ಕೆಲಸ ಮೊಬೈಲನ್ನು ಬೀರುವಿಗೆ ಹಾಕಿ ಬೀಗ ಜಡಿಯುವುದು. ಅಂತಹ ಪಾಠ ಬೆದರಿಸುವವನಿಗೇ ಅನುಕೂಲ ಮಾಡಿಕೊಡುತ್ತದೆ.

ಪೋಷಕರಿಗಿಂತ ಮಕ್ಕಳಿಗೇ ಹೆಚ್ಚು ಗೊತ್ತು ಎಂಬ ಮಾತು ಅರ್ಧ ಮಾತ್ರ ನಿಜ. ಗ್ರಾಮೀಣ ಭಾರತದ ಕುರಿತ 2024ರ ಅಸರ್ ವರದಿಯಂತೆ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ. 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರದಲ್ಲಿ ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ. 76. ಆದರೆ ಜಾಲತಾಣ ಬಳಸುವವರಲ್ಲೂ ಒಬ್ಬರನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡಲು ಬರುವವರು ಶೇ. 62, ಪಾಸ್‌ವರ್ಡ್ ಬದಲಿಸಲು ಬರುವವರು ಶೇ. 57.7, ಖಾತೆಯನ್ನು ಖಾಸಗಿ ಮಾಡಲು ಬರುವವರು ಶೇ. 55.2. ರೀಲ್ಸ್ ಮಾಡಲು ಬರುವ ಕೈಗಳಲ್ಲಿ ಎಷ್ಟೋ ಕೈಗಳಿಗೆ ಬಾಗಿಲು ಹಾಕಿಕೊಳ್ಳಲು ಬರುವುದಿಲ್ಲ.

ಮೊಬೈಲ್ ಯಾರದು?

ಸಭೆಯನ್ನು ಶುರು ಮಾಡಿದ್ದು ಈ ಪ್ರಶ್ನೆಯಿಂದ. ನಗರದ ಪೋಷಕರಿಗಾಗಿ ತಯಾರಿಸಿದ ಕೈಪಿಡಿಗಳಲ್ಲಿ ಮಗುವಿಗೆ ಬೇರೆ ಫೋನು ಇರುತ್ತದೆ, ಪೋಷಕರು ತಮ್ಮ ಫೋನಿನಿಂದ ಅದನ್ನು ನಿಯಂತ್ರಿಸುತ್ತಾರೆ. ನಮ್ಮಲ್ಲಿ ಚಿತ್ರ ಬೇರೆ. ಫೋನು ಅಪ್ಪನದು, ಸಿಮ್ ಅಮ್ಮನ ಹೆಸರಿನದು. ಅಡಿಕೆ, ಶುಂಠಿ, ಜೋಳದ ದುಡ್ಡು ಬರುವ ಬ್ಯಾಂಕ್ ಖಾತೆಯ ಒಟಿಪಿ ಅದಕ್ಕೇ ಬರುತ್ತದೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪು, ಸಂಘದ ಗುಂಪು, ಮಗನ ಗೇಮು, ಮಗಳ ಇನ್‌ಸ್ಟಾಗ್ರಾಂ ಎಲ್ಲವೂ ಅದರೊಳಗೇ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಮನೆಗೆ ಬಂದ ಫೋನು ಹೀಗೆ ಎಲ್ಲರದೂ ಆಗಿ ಉಳಿದಿದೆ.

ಇದರಿಂದ ಎರಡು ತೊಡಕುಗಳಿವೆ. ಕಪ್ಪುಹಲಗೆಯ ಮೇಲೆ ಒಂದು ಫೋನಿನ ಚಿತ್ರ ಬರೆದು, ಅದರಿಂದ ಮನೆಯ ಒಬ್ಬೊಬ್ಬರಿಗೂ ಗೆರೆ ಎಳೆದು ತೋರಿಸಿದೆ.

ಮೊದಲನೆಯದು ದುಡ್ಡಿನದು. ಮಗ ಗೇಮಿನ ಆಸೆಗೆ ಒತ್ತಿದ ಲಿಂಕು ಅಪ್ಪನ ಬ್ಯಾಂಕ್ ಖಾತೆಗೆ ದಾರಿಯಾಗಬಹುದು. ಅಂತಹದ್ದು ನಡೆದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ದುಡ್ಡು ಖಾತೆಯಿಂದ ಖಾತೆಗೆ ಜಾರಿ ಹೋಗುವ ಮೊದಲೇ ತಡೆಹಿಡಿಯಲು ಸಾಧ್ಯವಿರುವುದು ಆರಂಭದ ಹೊತ್ತಿನಲ್ಲಿ. ಬೈಗುಳಕ್ಕೆ ಹೆದರಿ ಮಗ ಎರಡು ದಿನ ಸುಮ್ಮನಿದ್ದರೆ ಆ ಹೊತ್ತು ಕಳೆದುಹೋಗುತ್ತದೆ. ಈ ಲೆಕ್ಕ ಪೋಷಕರಿಗೆ ತಕ್ಷಣ ಅರ್ಥವಾಯಿತು. ಗದರುವುದರಿಂದ ಆಗುವ ನಷ್ಟವನ್ನು ರೂಪಾಯಿಯಲ್ಲಿ ಹೇಳಿದರೆ ಬೇರೆ ಉಪದೇಶ ಬೇಕಿಲ್ಲ.

ಎರಡನೆಯದು ವಯಸ್ಸಿನದು. ಇನ್‌ಸ್ಟಾಗ್ರಾಂ ಖಾತೆಗೆ ಕನಿಷ್ಠ 13 ವರ್ಷ ತುಂಬಿರಬೇಕು. ಹದಿಹರೆಯದವರಿಗಾಗಿಯೇ ಇರುವ 'ಟೀನ್ ಅಕೌಂಟ್' ವ್ಯವಸ್ಥೆ 2025ರ ಫೆಬ್ರುವರಿಯಲ್ಲಿ ಭಾರತಕ್ಕೂ ಬಂತು. ಅದರಲ್ಲಿ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಗುರುತಿಲ್ಲದವರು ಸಂದೇಶ ಕಳಿಸಲಾಗುವುದಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳ ಸದ್ದು ಇರುವುದಿಲ್ಲ, 16ರೊಳಗಿನವರು ಇವನ್ನು ಸಡಿಲಿಸಲು ಪೋಷಕರ ಅನುಮತಿ ಬೇಕು. ಆದರೆ ಇದೆಲ್ಲ ನಿಂತಿರುವುದು ಮಗು ಕೊಟ್ಟ ಹುಟ್ಟಿದ ದಿನಾಂಕದ ಮೇಲೆ. ಬೇಗ ಖಾತೆ ತೆರೆಯಲೆಂದು ಆರನೇ ತರಗತಿಯಲ್ಲೇ ವಯಸ್ಸು ಏರಿಸಿ ಬರೆದಿದ್ದರೆ, ಅಥವಾ ಅಮ್ಮನ ಖಾತೆಯನ್ನೇ ಮಗಳು ಬಳಸುತ್ತಿದ್ದರೆ, ಕಂಪನಿಯ ಲೆಕ್ಕದಲ್ಲಿ ಅವಳು ಮಗುವೇ ಅಲ್ಲ. ಈ ರಕ್ಷಣೆ ಯಾವುದೂ ಅವಳಿಗೆ ಸಿಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸವಾಗಿ ಕೊಟ್ಟದ್ದು ಇದನ್ನೇ: ಮಗುವಿನ ಜೊತೆ ಕೂತು, ಖಾತೆಯಲ್ಲಿರುವ ವಯಸ್ಸು ಸರಿಯಿದೆಯೇ ನೋಡಿ.

"ಹಾಗಾದ್ರೆ ಸರ್ಕಾರವೇ ಮಕ್ಕಳಿಗೆ ಇದನ್ನ ಬಂದ್ ಮಾಡಬಹುದಲ್ಲ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ ಎಂಬ ನಿಯಮ ಜಾರಿಗೆ ಬಂದಿದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ಅಪ್ಪನದೇ ಫೋನಿನಲ್ಲಿ ಅಪ್ಪನದೇ ನಂಬರಿನಿಂದ "ನಾನು ಪೋಷಕ, ಒಪ್ಪಿದ್ದೇನೆ" ಎಂದು ಹದಿನಾಲ್ಕರ ಹುಡುಗ ಒತ್ತಿದರೆ ಯಾವ ಕಾನೂನಿಗೆ ತಾನೇ ಸುಲಭವಾಗಿ ಗೊತ್ತಾದೀತು?

ಒಂದು ಚಿತ್ರ ಏನೇನು ಹೇಳುತ್ತದೆ

ಚಟುವಟಿಕೆಗಾಗಿ ಗುಡವಿ ಪಕ್ಷಿಧಾಮವನ್ನೇ ಆರಿಸಿಕೊಂಡೆ. ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುವ ಹೊತ್ತಿಗೆ ಕೆರೆಯ ಬಳಿ ಫೋಟೋ, ರೀಲ್ಸ್ ಸಹಜ. ನಿಜವಾದ ಮಗುವಿನ ಫೋಟೋ ಬಳಸಬಾರದೆಂದು ಚಾರ್ಟಿನ ಮೇಲೆ ನಾನೇ ಒಂದು ಚಿತ್ರ ಬರೆದೆ: ವೀಕ್ಷಣಾ ಗೋಪುರದ ಮುಂದೆ ಸಮವಸ್ತ್ರದ ಹುಡುಗಿ, ಭುಜದಲ್ಲಿ ಬ್ಯಾಗು, ಹಿಂದೆ ಪಕ್ಷಿಧಾಮದ ಫಲಕ, ಕೆಳಗೆ "ದಿನಾ ಸಂಜೆ ಇಲ್ಲೇ" ಎಂಬ ಬರಹ. "ಈ ಹುಡುಗಿ ನಿಮಗೆ ಗೊತ್ತಿಲ್ಲ. ಇವಳ ಬಗ್ಗೆ ಈಗ ಏನೇನು ಗೊತ್ತಾಯಿತು?" ಎಂದು ಕೇಳಿದೆ.

ತಾಯಂದಿರು ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. ಊರು ಯಾವುದು, ಶಾಲೆ ಯಾವುದು, ಸುಮಾರು ಎಷ್ಟನೇ ತರಗತಿ, ಮನೆಗೆ ಹೋಗುವ ಹೊತ್ತು, ಹೋಗುವ ದಾರಿ. "ಒಬ್ಬಳೇ ಬರ್ತಾಳೆ ಅಂತಲೂ ಗೊತ್ತಾಗುತ್ತೆ" ಎಂದರು ಒಬ್ಬ ಅಜ್ಜಿ. ಮೊಮ್ಮಗನ ಪರವಾಗಿ ಬಂದಿದ್ದ ಅವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಈ ಪಾಠಕ್ಕೆ ಬೇಕಾದ ತಿಳುವಳಿಕೆ ಫೋನಿನ ತಿಳುವಳಿಕೆ ಅಲ್ಲ, ಲೋಕದ ತಿಳುವಳಿಕೆ ಎಂಬುದಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಲಿಲ್ಲ. ಫೋಟೋ ಹಾಕಬೇಡ ಎನ್ನುವುದಕ್ಕಿಂತ ಈ ಪ್ರಶ್ನೆಯನ್ನು ಮನೆಯಲ್ಲಿ ಮಕ್ಕಳಿಗೆ ಕೇಳುವುದು ಮೇಲು. ಉತ್ತರವನ್ನು ಅವರೇ ಕಂಡುಕೊಳ್ಳುತ್ತಾರೆ.

ದೊಡ್ಡವರ ಫಾರ್ವರ್ಡ್‌ಗಳ ಮಾತನ್ನೂ ಸೇರಿಸಿದ್ದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಯುವಕರನ್ನು ಮಕ್ಕಳ ಕಳ್ಳರೆಂದು ತಿಳಿದು ಗುಂಪು ಹಲ್ಲೆ ಮಾಡಿತು. ಅವರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ವದಂತಿ ಹರಡಿದ್ದು ವಾಟ್ಸ್‌ಆ್ಯಪ್‌ನಲ್ಲಿ. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ವಾಟ್ಸ್‌ಆ್ಯಪ್ ಮಿತಿ ಹಾಕಿದ್ದು ಅದೇ ತಿಂಗಳು. ಅಂತಹ ಸಂದೇಶಗಳನ್ನು ಕಳಿಸಿದವರು ಮಕ್ಕಳಲ್ಲ. ಇದನ್ನು ಹೇಳಿ ಸುಮ್ಮನಾದೆ, ವಿವರಣೆ ಬೇಕಾಗಲಿಲ್ಲ.

ಹೇಳಿದ ಕ್ಷಣ

ಗಂಟೆಯ ಅರ್ಧ ಭಾಗವನ್ನು ಪಾತ್ರಾಭಿನಯಕ್ಕೆ ಇಟ್ಟಿದ್ದೆ. ನಾನು ಮಗಳು, ಬಂದವರಲ್ಲಿ ಒಬ್ಬರು ತಾಯಿ. "ಅಮ್ಮಾ, ಒಬ್ಬ ನನ್ನ ಫೋಟೋ ಕೆಟ್ಟದಾಗಿ ಮಾಡಿ ಕಳಿಸಿದಾನೆ" ಎಂದೆ. ಮೊದಲ ತಾಯಿಯ ಬಾಯಿಂದ ಬಂದದ್ದು, "ಅದಕ್ಕೇ ಹೇಳಿದ್ದು, ಮೊಬೈಲ್ ಮುಟ್ಟಬೇಡ ಅಂತ!" ಎಲ್ಲರೂ ನಕ್ಕರು, ಅವರೂ ನಕ್ಕರು. ಎರಡನೆಯವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಎಂತ ಆಯ್ತು ಮಗಾ, ಇಲ್ಲಿ ಕೂತ್ಕ" ಎಂದರು. ಸಭೆ ನಿಶ್ಶಬ್ದವಾಯಿತು. ಆ ಎರಡು ವಾಕ್ಯಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, "ಯಾವ ಮನೆಯ ಹುಡುಗಿ ಮುಂದಿನ ಮಾತು ಹೇಳುತ್ತಾಳೆ?" ಎಂದಷ್ಟೇ ಕೇಳಿದೆ.

ಒಬ್ಬ ತಂದೆಯ ಆಕ್ಷೇಪ ಮುಖ್ಯವಾದದ್ದು: "ಹೇಳಿದ್ಲು ಅಂತ ಮೊಬೈಲ್ ಕೊಟ್ಟೇ ಇದ್ರೆ ಬುದ್ಧಿ ಬರೋದು ಯಾವಾಗ?" ಇಲ್ಲಿ ಎರಡು ವಿಷಯಗಳನ್ನು ಬಿಡಿಸಿಡಬೇಕು. ಎಷ್ಟು ಹೊತ್ತು, ಎಲ್ಲಿ ಕೂತು ಬಳಸಬೇಕು ಎಂಬ ನಿಯಮವನ್ನು ಮೊದಲೇ, ಮನೆಮಂದಿಗೆಲ್ಲ ಸೇರಿಸಿ ಮಾಡಬಹುದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್‌ನಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಕೂಗಿದರೆ ಒಂದೂವರೆ ಗಂಟೆ ಇಡೀ ಊರಿನ ಟಿವಿ, ಮೊಬೈಲು ಬಂದ್. ದೊಡ್ಡವರಿಗೂ ಅದೇ ನಿಯಮ. ಅದು ಶಿಸ್ತು. ಹೇಳಿಕೊಂಡದ್ದಕ್ಕೆ ಕಿತ್ತುಕೊಳ್ಳುವುದು ಶಿಕ್ಷೆ, ಅದು ಕಲಿಸುವುದು ಮುಂದಿನ ಸಲ ಮುಚ್ಚಿಡುವುದನ್ನು. ಆ ತಂದೆ ಪೂರ್ತಿ ಒಪ್ಪಿದರೆಂದು ನನಗೆ ಅನ್ನಿಸಲಿಲ್ಲ. ಆದರೂ ಕೊನೆಯವರೆಗೆ ಕೂತಿದ್ದರು.

ಕೇಳಿದ ಮೇಲೆ ಮಾಡಬೇಕಾದದ್ದನ್ನು ಚಿಕ್ಕದಾಗಿ ಹೇಳಿದೆ. ದುಡ್ಡು ಕಳಿಸಬಾರದು, ಬೆದರಿಕೆಯ ಮಾತುಕತೆಯನ್ನು ಅಳಿಸಬಾರದು, ಖಾತೆಯ ಹೆಸರಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಬೇಕು. ಅಂತಹ ಫೋಟೋವನ್ನು 'ನೋಡಿ ಏನು ಮಾಡಿದಾನೆ' ಎಂದು ನೆಂಟರಿಗೆ ಕಳಿಸಲೇಬಾರದು. ಮಗುವಿನ ಅಶ್ಲೀಲ ಚಿತ್ರ ಹಂಚುವುದು ಯಾರು ಮಾಡಿದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಕ್ಕಳ, ಮಹಿಳೆಯರ ಇಂತಹ ದೂರನ್ನು ಹೆಸರು ಹೇಳದೆಯೂ ಕೊಡಬಹುದು.

"ಸ್ಟೇಷನ್ನಿಗೆ ಹುಡುಗೀನ ಕರ್ಕೊಂಡು ಹೋಗೋದು ಹೆಂಗೆ?" ಎಂಬ ಮಾತು ಬಂದೇ ಬರುತ್ತದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 24ನೇ ಕಲಮು ಇದಕ್ಕೆ ಉತ್ತರ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಪೊಲೀಸರು ಆಗ ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಸಭೆಯಲ್ಲಿ ಹೆಚ್ಚು ಜನ ಚೀಟಿಯಲ್ಲಿ ಬರೆದುಕೊಂಡದ್ದು ಇದನ್ನೇ.

ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಇಲ್ಲಿ ಒಂದು ಮಾತು. ಅದೇ ಕಾಯ್ದೆಯ 19ನೇ ಕಲಮಿನಂತೆ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ ಚೀಟಿ ಬರೆಸುವಾಗ "ಯಾರಿಗೂ ಹೇಳುವುದಿಲ್ಲ, ಬರೆಯಿರಿ" ಎಂದು ಮಕ್ಕಳಿಗೆ ಮಾತು ಕೊಡಬೇಡಿ. "ಸಹಾಯ ಮಾಡಲು ಬೇಕಾದವರಿಗೆ ಮಾತ್ರ, ನಿನಗೆ ತಿಳಿಸಿಯೇ ಹೇಳುತ್ತೇನೆ" ಎನ್ನಿ. ಮಾರ್ಗದರ್ಶಕ ಶಿಕ್ಷಕರಿಗೂ ಮುಖ್ಯಶಿಕ್ಷಕರಿಗೂ ಮೊದಲೇ ವಿಷಯ ಗೊತ್ತಿರಲಿ.

ಮೌಲ್ಯಮಾಪನ

ಪೋಷಕರಿಗೆ ಪ್ರಶ್ನೆಪತ್ರಿಕೆ ಕೊಟ್ಟು ಅಳೆಯುವ ಪಾಠ ಇದಲ್ಲ. ಎರಡು ವಾರದ ನಂತರ ಅದೇ ತರಗತಿಯಲ್ಲಿ ಅದೇ ಪ್ರಶ್ನೆಯ ಚೀಟಿಯನ್ನು ಮತ್ತೆ ಬರೆಸಿದೆ. "ಕಿತ್ತುಕೊಳ್ಳುತ್ತಾರೆ" ಎಂಬ ಉತ್ತರ ಮಾಯವಾಗಿರಲಿಲ್ಲ, ಕಡಿಮೆಯಾಗಿತ್ತು. "ಅಮ್ಮನಿಗೆ ಮಾತ್ರ ಹೇಳುತ್ತೇನೆ" ಎಂಬ ಹೊಸ ಉತ್ತರ ಬಂದಿತ್ತು. ಒಂದು ಚೀಟಿಯಲ್ಲಿ "ಅಪ್ಪ ಸಭೆಗೆ ಬಂದಿರಲಿಲ್ಲ" ಎಂದು ಮಾತ್ರ ಇತ್ತು. ಮುಂದಿನ ತಂಡದವರು ಸಭೆಯನ್ನು ಅಡಿಕೆ ಕೊಯ್ಲಿನ ದಿನಗಳಲ್ಲಿ ಇಡದೆ, ತಂದೆಯರೂ ಬರಲು ಆಗುವ ಭಾನುವಾರದ ಸಂಜೆ ಇಟ್ಟರೆ ಒಳ್ಳೆಯದು. ಪಕ್ಷಿಧಾಮದ ಚಾರ್ಟು ಶಾಲೆಯ ವಿಜ್ಞಾನ ಕೊಠಡಿಯಲ್ಲಿದೆ, ಬಳಸಬಹುದು.